ನೆಟ್‌ವರ್ಕ್ ಡ್ರೈವರ್ ಮತ್ತು ಡಿಎಂಎ ಯಂತ್ರಾಂಶದ ನಡುವೆ ರೇಸ್ ಕಂಡಿಷನ್ ತಪ್ಪಿಸುವ ಬಗೆ: ಸಮಗ್ರ ಮಾರ್ಗದರ್ಶಿ

ನೆಟ್‌ವರ್ಕ್ ಕಾರ್ಡು ಪ್ರೊಸೆಸರಿನ ಅಪ್ಪಣೆಗೆ ಕಾಯದೆ ಮುಖ್ಯ ಮೆಮೊರಿಯಿಂದ ತಾನೇ ಓದುತ್ತದೆ, ತಾನೇ ಅಲ್ಲಿಗೆ ಬರೆಯುತ್ತದೆ. ಡಿಎಂಎ (ಡೈರೆಕ್ಟ್ ಮೆಮೊರಿ ಆಕ್ಸೆಸ್) ಎಂದರೆ ಇಷ್ಟೇ. ಪ್ರತಿ ಬೈಟನ್ನೂ ಪ್ರೊಸೆಸರೇ ಹೊತ್ತು ಸಾಗಿಸುವ ಶ್ರಮ ಇದರಿಂದ ತಪ್ಪುತ್ತದೆ. ಆದರೆ ಒಂದೇ ಮೆಮೊರಿಯ ಮೇಲೆ ಇಬ್ಬರು ಒಂದೇ ಹೊತ್ತಿನಲ್ಲಿ ಕೆಲಸ ಮಾಡುತ್ತಿರುತ್ತಾರೆ, ಇಬ್ಬರ ವೇಗವೂ ಬೇರೆ, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಯಾವ ಕ್ರಮದಲ್ಲಿ ಕಾಣುತ್ತದೆ ಎಂಬುದು ಕೋಡನ್ನು ಓದಿದ ಮಾತ್ರಕ್ಕೆ ತಿಳಿಯುವುದಿಲ್ಲ. ಈ ಕ್ರಮ ತಪ್ಪಿದಾಗ ಹುಟ್ಟುವ ದೋಷವೇ ರೇಸ್ ಕಂಡಿಷನ್. ಲಕ್ಷ ಪ್ಯಾಕೆಟ್‌ಗಳು ಸರಿಯಾಗಿ ಹೋಗಿ ಒಂದೇ ಒಂದು ಕೆಡುತ್ತದೆ. ಹುಡುಕಲು ಹೊರಟರೆ ಅದು ಮತ್ತೆ ಕಾಣಿಸುವುದಿಲ್ಲ.

ಕೆಲವು ವರ್ಷಗಳ ಹಿಂದೆ ಮುಂಗಾರು ಭತ್ತದ ಕೊಯ್ಲಿನ ದಿನಗಳಲ್ಲಿ ಗಂಗಾವತಿಯ ಒಂದು ರೈಸ್ ಮಿಲ್ಲಿನಿಂದ ನನಗೆ ಕರೆ ಬಂತು. "ಗಾಡಿ ಕಾಂಟಾದ ಮ್ಯಾಲ ಐತ್ರಿ ಸರ್, ಕಂಪ್ಯೂಟರಿಗೆ ತೂಕ ಬರವಲ್ದು," ಎಂದರು ಗುಮಾಸ್ತರು. ಗಾಡಿ ತೂಗುವ ಆ ಕಾಂಟಾದ ಪಕ್ಕದ ಪೆಟ್ಟಿಗೆಯಲ್ಲಿ ಆರ್ಮ್ ಪ್ರೊಸೆಸರಿನ ಒಂದು ಚಿಕ್ಕ ಬೋರ್ಡ್ ಇತ್ತು. ಅದರ ಈಥರ್‌ನೆಟ್ ಡ್ರೈವರನ್ನು ಹೊಂದಿಸಿ ಕೊಟ್ಟವನು ನಾನೇ. ಕಚೇರಿಯ ಕಂಪ್ಯೂಟರು ಯುಡಿಪಿ ಮೂಲಕ ತೂಕ ಕೇಳಿದರೆ ಬೋರ್ಡು ಉತ್ತರಿಸಬೇಕು. ಹೆಚ್ಚಿನ ಸಲ ಉತ್ತರಿಸುತ್ತಿತ್ತು, ಕೆಲವೊಮ್ಮೆ ಇಲ್ಲ. ಕೇಬಲ್ ಬದಲಿಸಿದೆವು, ಸ್ವಿಚ್ ಬದಲಿಸಿದೆವು, ಫಲ ಸಿಗಲಿಲ್ಲ. ಕೊನೆಗೆ ದೋಷ ಸಿಕ್ಕಿದ್ದು ನನ್ನ ಕೋಡಿನಲ್ಲಿ ಇರಬೇಕಾಗಿದ್ದ, ಆದರೆ ಇಲ್ಲದ ಒಂದೇ ಒಂದು ಸಾಲಿನಲ್ಲಿ. ಆ ಸಾಲು ಯಾವುದು ಎಂಬುದನ್ನು ನಾಲ್ಕನೆಯ ಹೆಜ್ಜೆಯಲ್ಲಿ ವಿವರಿಸಿದ್ದೇನೆ.

ಬಳ್ಳಾರಿ, ಕೊಪ್ಪಳ, ರಾಯಚೂರು ಭಾಗದ ವಿದ್ಯಾರ್ಥಿಗಳ ಜೊತೆ ಕುಳಿತು ಡ್ರೈವರ್ ಕೋಡ್ ಓದುವಾಗ ಪದೇ ಪದೇ ಎದುರಾದ ಪ್ರಶ್ನೆಗಳನ್ನು ಇಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಓದುಗರಿಗೆ ಸಿ ಭಾಷೆ ತಿಳಿದಿದೆ, ಲಿನಕ್ಸ್ ಕರ್ನಲ್ ಮಾಡ್ಯೂಲನ್ನು ಒಮ್ಮೆಯಾದರೂ ಕಟ್ಟಿ ನೋಡಿದ್ದಾರೆ ಎಂದು ಭಾವಿಸಿದ್ದೇನೆ.

ಲಾಕ್ ಏಕೆ ಸಾಲದು

"ಸರ್, ಸ್ಪಿನ್‌ಲಾಕ್ ಹಾಕೀನ್ರಿ, ಆದ್ರೂ ಡೇಟಾ ಯಾಕ ಕೆಡಾಕತ್ತೈತ್ರಿ?" ಎಂದು ಕೊಪ್ಪಳದ ಒಬ್ಬ ವಿದ್ಯಾರ್ಥಿ ಕೇಳಿದ್ದರು. ಪ್ರಶ್ನೆ ಸರಿಯಾದದ್ದೇ. ಸ್ಪಿನ್‌ಲಾಕ್ ಎಂಬುದು ಪ್ರೊಸೆಸರಿನ ಕೋರ್‌ಗಳು ತಮ್ಮ ತಮ್ಮಲ್ಲಿ ಮಾಡಿಕೊಂಡ ಒಪ್ಪಂದ. ನೆಟ್‌ವರ್ಕ್ ಕಾರ್ಡು ಆ ಒಪ್ಪಂದಕ್ಕೆ ಸೇರಿಲ್ಲ. ಲಾಕ್ ಇರುವ ಮೆಮೊರಿ ಪದವನ್ನು ಅದು ನೋಡುವುದೂ ಇಲ್ಲ, ನೋಡಿದರೂ ಕಾಯುವುದಿಲ್ಲ. ಎರಡು ಕೋರ್‌ಗಳ ನಡುವಿನ ರೇಸಿಗೆ ಲಾಕ್ ಮದ್ದು. ಕೋರ್ ಮತ್ತು ಕಾರ್ಡಿನ ನಡುವಿನ ರೇಸಿಗೆ ಮದ್ದು ಬೇರೆಯದು: ಯಾವ ಕ್ಷಣದಲ್ಲಿ ಯಾವ ಮೆಮೊರಿ ಯಾರ ಒಡೆತನದಲ್ಲಿದೆ ಎಂಬುದನ್ನು ನಿಚ್ಚಳವಾಗಿ ಗೊತ್ತುಮಾಡಿ, ಒಡೆತನ ಕೈಬದಲಾಗುವ ಗುರುತು ಉಳಿದೆಲ್ಲ ಬರವಣಿಗೆಯ ನಂತರವೇ ಎದುರಿನವರಿಗೆ ಕಾಣುವಂತೆ ನೋಡಿಕೊಳ್ಳುವುದು.

ಕಾಂಟಾದ ಚೀಟಿಯನ್ನೇ ನೆನಪಿಸಿಕೊಳ್ಳಿ. ಗಾಡಿಯ ನಂಬರು, ಒಟ್ಟು ತೂಕ, ಖಾಲಿ ತೂಕ ಎಲ್ಲವನ್ನೂ ಬರೆದು ಮುಗಿಸಿದ ಮೇಲೆ ಗುಮಾಸ್ತರು ಚೀಟಿಯನ್ನು ಚಾಲಕರ ಕೈಗೆ ಕೊಡುತ್ತಾರೆ. ಬರೆಯುತ್ತಿರುವಾಗಲೇ ಚೀಟಿ ಕೈಬದಲಾದರೆ ಒಳಗೆ ಯಾವ ತೂಕ ಓದಿಕೊಳ್ಳುತ್ತಾರೆಂದು ಹೇಳಲಾಗದು. ಡಿಸ್ಕ್ರಿಪ್ಟರ್ ಎಂಬುದು ಅಂಥ ಚೀಟಿ: ಪ್ಯಾಕೆಟ್ಟಿನ ಬಫರು ಮೆಮೊರಿಯಲ್ಲಿ ಎಲ್ಲಿದೆ, ಎಷ್ಟು ಉದ್ದ ಎಂಬುದನ್ನು ಡ್ರೈವರೂ ಕಾರ್ಡೂ ಪರಸ್ಪರ ತಿಳಿಸಿಕೊಳ್ಳುವ ಚಿಕ್ಕ ದಾಖಲೆ. ಇಂಥ ಚೀಟಿಗಳ ಸುತ್ತುಸಾಲೇ ರಿಂಗ್. ಆದರೆ ಪ್ರೊಸೆಸರು ತನ್ನ ವೇಗಕ್ಕಾಗಿ ಬರೆಯುವ ಕ್ರಮವನ್ನೇ ಅದಲುಬದಲು ಮಾಡಬಲ್ಲದು, ಕಂಪೈಲರೂ ಮಾಡಬಲ್ಲದು. ಕೋಡಿನಲ್ಲಿ ಮೊದಲು ತೂಕ, ನಂತರ ಕೈಬದಲಾವಣೆ ಎಂದೇ ಇದ್ದರೂ ಕಾರ್ಡಿಗೆ ಅದು ತಿರುವುಮುರುವಾಗಿ ಕಾಣಬಹುದು.

ಇಲ್ಲಿ ಪ್ರೊಸೆಸರಿನ ಜಾತಿಯೂ ಮುಖ್ಯ. ಎಕ್ಸ್86 ಪ್ರೊಸೆಸರುಗಳಲ್ಲಿ ಸಾಮಾನ್ಯ ಮೆಮೊರಿಗೆ ಬರೆದ ಎರಡು ಬರವಣಿಗೆಗಳು ಬರೆದ ಕ್ರಮದಲ್ಲೇ ಹೊರಗೆ ಕಾಣುತ್ತವೆ, ಎರಡು ಓದುಗಳೂ ಕ್ರಮ ತಪ್ಪುವುದಿಲ್ಲ. ಆರ್ಮ್ ಪ್ರೊಸೆಸರುಗಳು ಅಂಥ ಭರವಸೆ ಕೊಡುವುದಿಲ್ಲ. ನಮ್ಮಲ್ಲಿ ಬಹುತೇಕರು ಲ್ಯಾಪ್‌ಟಾಪಿನಲ್ಲಿ ಪರೀಕ್ಷಿಸಿ ಆರ್ಮ್ ಬೋರ್ಡಿನಲ್ಲಿ ನೆಲೆಗೊಳಿಸುತ್ತಾರೆ. ಆದ್ದರಿಂದ ಲ್ಯಾಪ್‌ಟಾಪಿನಲ್ಲಿ ಮುಚ್ಚಿಕೊಂಡಿದ್ದ ತಪ್ಪು ಹೊಲದಲ್ಲೋ ಮಿಲ್ಲಿನಲ್ಲೋ ತೆರೆದುಕೊಳ್ಳುತ್ತದೆ.

ಮೊದಲ ಹೆಜ್ಜೆ: ಒಡೆತನದ ಪಟ್ಟಿಯನ್ನು ಕಾಗದದ ಮೇಲೆ ಬರೆಯಿರಿ

ಕೋಡ್ ಮುಟ್ಟುವ ಮೊದಲು ಕಾರ್ಡಿನ ಕೈಪಿಡಿಯನ್ನು ತೆರೆದು, ಡ್ರೈವರೂ ಕಾರ್ಡೂ ಇಬ್ಬರೂ ಮುಟ್ಟುವ ಪ್ರತಿಯೊಂದು ವಸ್ತುವನ್ನೂ ಪಟ್ಟಿ ಮಾಡಿ: ಕಳುಹಿಸುವ ರಿಂಗಿನ ಡಿಸ್ಕ್ರಿಪ್ಟರು, ಸ್ವೀಕರಿಸುವ ರಿಂಗಿನ ಡಿಸ್ಕ್ರಿಪ್ಟರು, ಪ್ಯಾಕೆಟ್ ಬಫರು, ಸ್ಥಿತಿಯ ಪದ, ರಿಜಿಸ್ಟರು. ಪ್ರತಿಯೊಂದರ ಮುಂದೆ ನಾಲ್ಕು ಸಂಗತಿಗಳನ್ನು ಬರೆಯಿರಿ. ಇದು ಹುಟ್ಟುವಾಗ ಯಾರದು? ಯಾವ ಘಟನೆಯಿಂದ ಕಾರ್ಡಿನದಾಗುತ್ತದೆ? ಯಾವ ಗುರುತಿನಿಂದ ಮರಳಿ ಡ್ರೈವರಿನದಾಗುತ್ತದೆ? ಆ ಗುರುತನ್ನು ನೋಡುವ ಹಕ್ಕು ಯಾವ ಫಂಕ್ಷನ್ನಿಗಿದೆ?

ಕಾರ್ಡುಗಳಲ್ಲಿ ಎರಡು ಪದ್ಧತಿಗಳು ಕಾಣಸಿಗುತ್ತವೆ. ಮೊದಲನೆಯದರಲ್ಲಿ ಡಿಸ್ಕ್ರಿಪ್ಟರಿನೊಳಗೇ ಒಡೆತನದ ಬಿಟ್ ಇರುತ್ತದೆ. ರಿಯಲ್‌ಟೆಕ್ 8169 ಬಗೆಯ ಕಾರ್ಡುಗಳಲ್ಲಿ ಅದು 32 ಬಿಟ್ ಪದದ ತೀರ ಮೇಲಿನ ಬಿಟ್. ಎರಡನೆಯದರಲ್ಲಿ ರಿಂಗಿನ ಬಾಲದ ಸ್ಥಾನವನ್ನು, ಅಂದರೆ ಡ್ರೈವರು ಎಲ್ಲಿಯವರೆಗೆ ತುಂಬಿದೆ ಎಂಬುದನ್ನು, ತಿಳಿಸುವ ಒಂದು ರಿಜಿಸ್ಟರು ಇರುತ್ತದೆ; ಇಂಟೆಲ್‌ನ ಇ1000 ಬಗೆಯ ಕಾರ್ಡುಗಳು ಹೀಗೆ ಕೆಲಸ ಮಾಡುತ್ತವೆ, ಕೆಲಸ ಮುಗಿದ ಮೇಲೆ ಡಿಸ್ಕ್ರಿಪ್ಟರಿನಲ್ಲಿ ಮುಗಿದದ್ದರ ಬಿಟ್ ಏರಿಸುತ್ತವೆ. ಮೊದಲ ಪದ್ಧತಿಯಲ್ಲಿ ಕೈಬದಲಾವಣೆ ಮೆಮೊರಿಯಲ್ಲಿ ನಡೆಯುತ್ತದೆ, ಎರಡನೆಯದರಲ್ಲಿ ರಿಜಿಸ್ಟರಿನಲ್ಲಿ. ಬ್ಯಾರಿಯರ್, ಅಂದರೆ ಓದು ಬರವಣಿಗೆಗಳ ಕ್ರಮ ಕಾಯುವ ಆದೇಶ, ಎಲ್ಲಿ ಬೇಕು ಎಂಬುದನ್ನು ಈ ವ್ಯತ್ಯಾಸವೇ ತೀರ್ಮಾನಿಸುತ್ತದೆ.

ಪಟ್ಟಿ ಮಾಡುವಾಗಲೇ ಒಂದು ನಿಯಮವನ್ನು ಗಟ್ಟಿಮಾಡಿಕೊಳ್ಳಿ: ಕಾರ್ಡು ಬರೆಯಬಹುದಾದ ಪದವನ್ನು ಡ್ರೈವರು ಓದಿ, ಒಂದು ಬಿಟ್ ತಿದ್ದಿ, ಮರಳಿ ಬರೆಯಬಾರದು. ಓದಿದ್ದಕ್ಕೂ ಬರೆದದ್ದಕ್ಕೂ ನಡುವೆ ಕಾರ್ಡು ಏರಿಸಿದ ಬಿಟ್ ಅಳಿಸಿಹೋಗುತ್ತದೆ. ಡಿಸ್ಕ್ರಿಪ್ಟರನ್ನು ಸಿ ಭಾಷೆಯ ಬಿಟ್‌ಫೀಲ್ಡ್‌ಗಳಾಗಿ ವಿವರಿಸಿದರೆ ಕಂಪೈಲರು ನಮಗೆ ಕಾಣದಂತೆ ಇದೇ ಕೆಲಸ ಮಾಡುತ್ತದೆ. ಹಾಗಾಗಿ ಡಿಸ್ಕ್ರಿಪ್ಟರನ್ನು 32 ಅಥವಾ 64 ಬಿಟ್‌ಗಳ ಇಡೀ ಪದಗಳಾಗಿಯೇ ವಿವರಿಸಿ, ಹೊಸ ಬೆಲೆಯನ್ನು ಪೂರ್ತಿ ಸಿದ್ಧಪಡಿಸಿಕೊಂಡು ಒಂದೇ ಏಟಿಗೆ ಬರೆಯಿರಿ. ಓದುವಾಗ ರೀಡ್_ಒನ್ಸ್, ಬರೆಯುವಾಗ ರೈಟ್_ಒನ್ಸ್ ಬಳಸಿದರೆ ಕಂಪೈಲರು ಒಂದು ಓದನ್ನು ಎರಡು ಮಾಡುವುದೂ ಒಂದು ಬರವಣಿಗೆಯನ್ನು ತುಂಡರಿಸುವುದೂ ತಪ್ಪುತ್ತದೆ.

ಎರಡನೆಯ ಹೆಜ್ಜೆ: ಯಾವ ಬಗೆಯ ಮೆಮೊರಿ ಎಂಬುದನ್ನು ಆರಿಸಿ

ಡಿಸ್ಕ್ರಿಪ್ಟರ್ ರಿಂಗಿಗೆ ಡಿಎಂಎ_ಅಲಾಕ್_ಕೊಹೆರೆಂಟ್ ಕೊಡುವ ಮೆಮೊರಿಯನ್ನು ಬಳಸಿ. ಪ್ರೊಸೆಸರು ಮೆಮೊರಿಯ ಪ್ರತಿ ಇಟ್ಟುಕೊಳ್ಳುವ ವೇಗದ ಜಾಗವಾದ ಕ್ಯಾಷಿನಲ್ಲಿ ಹಳೆಯದು ಉಳಿದು ಇಬ್ಬರಿಗೂ ಬೇರೆ ಬೇರೆ ಕಾಣದಂತೆ ಏರ್ಪಡಿಸಿದ ಮೆಮೊರಿ ಇದು. ಕಾರಣ ಸರಳವಾಗಿದೆ. ಒಂದು ಡಿಸ್ಕ್ರಿಪ್ಟರು 16 ಬೈಟ್ ಇದ್ದು, ಕ್ಯಾಷಿನ ಒಂದು ಸಾಲು 64 ಬೈಟ್ ಇದ್ದರೆ, ಒಂದೇ ಸಾಲಿನಲ್ಲಿ ನಾಲ್ಕು ಡಿಸ್ಕ್ರಿಪ್ಟರುಗಳು ಕುಳಿತಿರುತ್ತವೆ. ಕ್ಯಾಷ್ ತಾನಾಗಿಯೇ ಹೊಂದಿಕೊಳ್ಳದ ಬೋರ್ಡಿನಲ್ಲಿ ನೀವು ಒಂದನ್ನು ತಿದ್ದಿ ಆ ಸಾಲನ್ನು ಮೆಮೊರಿಗೆ ಬರೆದುಹಾಕಿದರೆ, ನೆರೆಯ ಮೂರರಲ್ಲಿ ಕಾರ್ಡು ಅಷ್ಟರೊಳಗೆ ಬರೆದಿಟ್ಟದ್ದರ ಮೇಲೆ ನಿಮ್ಮ ಹಳೆಯ ಪ್ರತಿ ಕುಳಿತುಬಿಡುತ್ತದೆ. ಒಂದೊಂದು ಡಿಸ್ಕ್ರಿಪ್ಟರಿನ ಒಡೆತನ ಬೇರೆಯಾದರೂ ಕ್ಯಾಷಿನ ಸಾಲಿಗೆ ಅದು ತಿಳಿಯುವುದಿಲ್ಲ.

ಪ್ಯಾಕೆಟ್ ಬಫರಿಗೆ ಸ್ಟ್ರೀಮಿಂಗ್ ಮ್ಯಾಪಿಂಗ್, ಅಂದರೆ ಪ್ರತಿ ಸಾಗಣೆಗೂ ಬಫರನ್ನು ಕಾರ್ಡಿಗೆ ಕೊಟ್ಟು ಮರಳಿ ಪಡೆಯುವ ಏರ್ಪಾಡು, ತಕ್ಕದ್ದು. ಡಿಎಂಎ_ಮ್ಯಾಪ್_ಸಿಂಗಲ್ ಕರೆದ ಕ್ಷಣದಿಂದ ಆ ಬಫರು ಕಾರ್ಡಿನದು. ಅನ್‌ಮ್ಯಾಪ್ ಮಾಡುವವರೆಗೆ ಅಥವಾ ಡಿಎಂಎ_ಸಿಂಕ್_ಸಿಂಗಲ್_ಫಾರ್_ಸಿಪಿಯು ಕರೆಯುವವರೆಗೆ ಪ್ರೊಸೆಸರು ಅದನ್ನು ಓದುವುದೂ ಕೂಡದು. ಓದಿದರೆ ಏನಾಯಿತು ಎಂದು ಕೇಳುವವರಿದ್ದಾರೆ. ಓದಿದಾಗ ಹಳೆಯ ವಿಷಯ ಕ್ಯಾಷಿಗೆ ಬಂದು ಕೂರುತ್ತದೆ, ಆಮೇಲೆ ಕಾರ್ಡು ಮೆಮೊರಿಯಲ್ಲಿ ಹೊಸದನ್ನು ಬರೆದರೂ ನಿಮಗೆ ಕಾಣುವುದು ಹಳೆಯದೇ. ನೀವು ಓದದಿದ್ದರೂ ಪ್ರೊಸೆಸರಿನ ಮುಂಗಾಣ್ಕೆಯ ಓದು (ಬೇಕಾಗಬಹುದೆಂದು ಊಹಿಸಿ ಮೊದಲೇ ಓದಿಡುವುದು) ಆ ಸಾಲನ್ನು ಎಳೆದುತರಬಹುದು. ಆದ್ದರಿಂದಲೇ ಸ್ವೀಕರಿಸುವ ಬಫರಿನ ಕ್ಯಾಷನ್ನು ಕಾರ್ಡಿಗೆ ಕೊಡುವಾಗ ಒಮ್ಮೆ, ಮರಳಿ ಪಡೆಯುವಾಗ ಇನ್ನೊಮ್ಮೆ ಶುದ್ಧಗೊಳಿಸಬೇಕಾಗುತ್ತದೆ. ಎರಡನೆಯದು ಅನಗತ್ಯವೆಂದು ತೆಗೆದುಹಾಕಬೇಡಿ.

ಬಫರನ್ನು ಯಾವುದೋ ಸ್ಟ್ರಕ್ಚರಿನ ನಡುವೆ ಇಡಬಾರದು, ಸ್ಟ್ಯಾಕಿನಲ್ಲಂತೂ ಇಡಲೇಬಾರದು. ಮ್ಯಾಪ್ ಮಾಡಿದ ಮೇಲೆ ಡಿಎಂಎ_ಮ್ಯಾಪಿಂಗ್_ಎರರ್ ಮೂಲಕ ಫಲಿತಾಂಶವನ್ನು ತಪ್ಪದೆ ಪರೀಕ್ಷಿಸಿ. ದಿಕ್ಕು ಹೇಳುವಾಗ ಕಾರ್ಡಿಗೋ ಕಾರ್ಡಿನಿಂದಲೋ ಎಂಬುದನ್ನು ಸರಿಯಾಗಿ ಹೇಳಿ. ಎರಡೂ ದಿಕ್ಕು ಎಂದು ಬರೆದು ಸುಮ್ಮನಾಗುವುದು ಅಭ್ಯಾಸವಾಗಬಾರದು.

ಮೂರನೆಯ ಹೆಜ್ಜೆ: ಕಳುಹಿಸುವ ದಾರಿ

ಕಳುಹಿಸುವಾಗ ಕ್ರಮ ಹೀಗಿರಬೇಕು. ರಿಂಗಿನಲ್ಲಿ ಸಾಕಷ್ಟು ಜಾಗವಿದೆಯೇ ನೋಡಿ, ಪ್ಯಾಕೆಟ್ಟಿನ ಎಲ್ಲ ತುಂಡುಗಳನ್ನೂ ಮ್ಯಾಪ್ ಮಾಡಿ, ಪ್ರತಿ ಡಿಸ್ಕ್ರಿಪ್ಟರಿನಲ್ಲಿ ವಿಳಾಸ ಮತ್ತು ಉದ್ದವನ್ನು ಬರೆದು, ಆಮೇಲೆ ಡಿಎಂಎ_ಡಬ್ಲ್ಯೂಎಂಬಿ ಇಟ್ಟು, ಅದರ ನಂತರ ಒಡೆತನದ ಬಿಟ್ ಏರಿಸಿ, ಕೊನೆಗೆ ಕೆಲಸ ಬಂದಿದೆಯೆಂದು ಕಾರ್ಡಿಗೆ ತಿಳಿಸುವ ಡೋರ್‌ಬೆಲ್ ರಿಜಿಸ್ಟರಿಗೆ ರೈಟ್‌ಎಲ್ ಮೂಲಕ ಬರೆಯಬೇಕು. ಡಿಎಂಎ_ಡಬ್ಲ್ಯೂಎಂಬಿಯ ಅರ್ಥ ಇಷ್ಟು: ಇದರ ಮೇಲಿನ ಬರವಣಿಗೆಗಳೆಲ್ಲ ಇದರ ಕೆಳಗಿನ ಬರವಣಿಗೆಗಳಿಗಿಂತ ಮೊದಲು ಕಾರ್ಡಿಗೆ ಕಾಣಬೇಕು. ಇದನ್ನೂ ಓದುಗಳ ಕ್ರಮ ಕಾಯುವ ಇದರ ಜೋಡಿಯಾದ ಡಿಎಂಎ_ಆರ್‌ಎಂಬಿಯನ್ನೂ ಲಿನಕ್ಸ್‌ಗೆ ಸೇರಿಸಿದ್ದು 3.19ನೆಯ ಆವೃತ್ತಿಯಲ್ಲಿ, ಅದಕ್ಕೂ ಹಿಂದಿನ ಡ್ರೈವರುಗಳಲ್ಲಿ ಇವುಗಳ ಜಾಗದಲ್ಲಿ ಹೆಚ್ಚು ಭಾರದ ಬ್ಯಾರಿಯರ್‌ಗಳು ಕಾಣುತ್ತವೆ.

ಪ್ಯಾಕೆಟ್ಟು ಹಲವು ತುಂಡುಗಳಲ್ಲಿದ್ದರೆ ಒಂದು ಸೂಕ್ಷ್ಮವಿದೆ. ಮೊದಲ ಡಿಸ್ಕ್ರಿಪ್ಟರಿನ ಒಡೆತನವನ್ನು ಎಲ್ಲಕ್ಕಿಂತ ಕೊನೆಯಲ್ಲಿ ಬಿಟ್ಟುಕೊಡಬೇಕು. ಡೋರ್‌ಬೆಲ್ ಬಾರಿಸುವವರೆಗೆ ಕಾರ್ಡು ನೋಡುವುದಿಲ್ಲ ಎಂದು ನಂಬಬೇಡಿ, ಏಕೆಂದರೆ ಹಿಂದಿನ ಪ್ಯಾಕೆಟ್ಟನ್ನು ಸಾಗಿಸುತ್ತಿರುವ ಕಾರ್ಡು ಅದೇ ಓಟದಲ್ಲಿ ಮುಂದಿನ ಡಿಸ್ಕ್ರಿಪ್ಟರನ್ನೂ ಇಣುಕಿ ನೋಡುತ್ತದೆ. ಮೊದಲನೆಯದು ತನ್ನದೆಂದು ಕಂಡರೆ ಹೊರಟೇಬಿಡುತ್ತದೆ, ಎರಡನೆಯದು ಇನ್ನೂ ಸಿದ್ಧವಾಗಿರುವುದಿಲ್ಲ. ಎರಡನೆಯದರಿಂದ ಕೊನೆಯದರವರೆಗೆ ಒಡೆತನ ಕೊಟ್ಟು, ಬ್ಯಾರಿಯರ್ ಇಟ್ಟು, ಆಮೇಲೆ ಮೊದಲನೆಯದನ್ನು ಕೊಟ್ಟರೆ ಈ ಸಂದು ಮುಚ್ಚುತ್ತದೆ.

ಬಾಲದ ರಿಜಿಸ್ಟರಿರುವ ಕಾರ್ಡಿನಲ್ಲಿ ಪ್ರತ್ಯೇಕ ಬ್ಯಾರಿಯರ್ ಬೇಕೇ ಎಂಬ ಗೊಂದಲ ಸಾಮಾನ್ಯ. ರೈಟ್‌ಎಲ್ ತನ್ನ ಹಿಂದಿನ ಕೊಹೆರೆಂಟ್ ಮೆಮೊರಿ ಬರವಣಿಗೆಗಳು ಮೊದಲು ಕಾಣುವಂತೆ ತಾನೇ ನೋಡಿಕೊಳ್ಳುತ್ತದೆ, ಹಾಗಾಗಿ ಬೇಡ. ರೈಟ್‌ಎಲ್_ರಿಲ್ಯಾಕ್ಸ್ಡ್ ಆ ಭರವಸೆ ಕೊಡುವುದಿಲ್ಲ. ವೇಗ ಸಿಗುತ್ತದೆಂದು ಡೋರ್‌ಬೆಲ್ಲಿಗೆ ಅದನ್ನು ಬಳಸುವವರನ್ನು ಕಂಡಿದ್ದೇನೆ. ಅಳೆದು ನೋಡಿ ಲಾಭ ಕಾಣುವವರೆಗೆ ಅದರ ಹತ್ತಿರ ಹೋಗಬೇಡಿ ಎಂಬುದು ನನ್ನ ಖಚಿತ ಸಲಹೆ.

ಡೋರ್‌ಬೆಲ್ ಬಾರಿಸಿದ ಮೇಲೆ ಎಸ್‌ಕೆಬಿಯನ್ನು (ಕರ್ನಲ್ ಪ್ಯಾಕೆಟ್ಟನ್ನು ಹಿಡಿದಿಡುವ ಸ್ಟ್ರಕ್ಚರು) ಮುಟ್ಟಬಾರದು. ಈ ತಪ್ಪು ನೋಡಲು ತೀರ ಸಾಧುವಾಗಿರುತ್ತದೆ: ಡೋರ್‌ಬೆಲ್ಲಿನ ಮುಂದಿನ ಸಾಲಿನಲ್ಲಿ ಕಳುಹಿಸಿದ ಬೈಟ್‌ಗಳ ಲೆಕ್ಕಕ್ಕೆ ಎಸ್‌ಕೆಬಿಯ ಉದ್ದವನ್ನು ಓದಿರುತ್ತಾರೆ. ಅಷ್ಟರೊಳಗೆ ಕಾರ್ಡು ಪ್ಯಾಕೆಟ್ಟನ್ನು ಕಳುಹಿಸಿ, ಇನ್ನೊಂದು ಕೋರಿನಲ್ಲಿ ಪೂರ್ಣಗೊಳಿಸುವ ಫಂಕ್ಷನ್ನು ಓಡಿ, ಎಸ್‌ಕೆಬಿ ಬಿಡುಗಡೆಯಾಗಿರಬಹುದು. ಉದ್ದವನ್ನು ಮೊದಲೇ ಒಂದು ಸ್ಥಳೀಯ ವೇರಿಯಬಲ್ಲಿಗೆ ಎತ್ತಿಟ್ಟುಕೊಳ್ಳಿ. ಸಮಯದ ಮುದ್ರೆ ಒತ್ತುವ ಕೆಲಸವನ್ನೂ ಡೋರ್‌ಬೆಲ್ಲಿಗಿಂತ ಮೊದಲೇ ಮುಗಿಸಿ. ಇನ್ನೂ ಪ್ಯಾಕೆಟ್‌ಗಳು ಬರಲಿವೆ ಎಂದು ಕರ್ನಲ್ ಹೇಳಿದಾಗ ಡೋರ್‌ಬೆಲ್ಲನ್ನು ಮುಂದೂಡುವ ಡ್ರೈವರುಗಳಲ್ಲಿ, ಅದೇ ಸಲ ಕ್ಯೂ ನಿಂತಿತೆಂದಾದರೆ ಮುಂದೂಡದೆ ಬಾರಿಸಲೇಬೇಕು. ಇಲ್ಲದಿದ್ದರೆ ತುಂಬಿದ ರಿಂಗನ್ನು ಕಾರ್ಡು ನೋಡುವುದೇ ಇಲ್ಲ.

ನಾಲ್ಕನೆಯ ಹೆಜ್ಜೆ: ಸ್ವೀಕರಿಸುವ ದಾರಿ

ಈಗ ಮಿಲ್ಲಿನ ಕಥೆಗೆ ಬರುತ್ತೇನೆ. ಸ್ವೀಕರಿಸುವ ಫಂಕ್ಷನ್ನಿನಲ್ಲಿ ನಾನು ಮೊದಲು ಸ್ಥಿತಿಯ ಪದ ಓದಿ, ಕಾರ್ಡು ಡಿಸ್ಕ್ರಿಪ್ಟರನ್ನು ಬಿಟ್ಟುಕೊಟ್ಟಿದೆ ಎಂದು ಖಚಿತವಾದರೆ ಮಾತ್ರ ಉದ್ದದ ಪದ ಓದುವಂತೆ ಬರೆದಿದ್ದೆ. ನಡುವೆ ಇಫ್ ಇರುವಾಗ ಕ್ರಮ ತಪ್ಪುವುದು ಹೇಗೆ ಎಂದೇ ನಾನೂ ಅಂದುಕೊಂಡಿದ್ದೆ. ಆದರೆ ಆರ್ಮ್ ಪ್ರೊಸೆಸರು ಇಫ್‌ನ ಫಲಿತಾಂಶಕ್ಕೆ ಕಾಯುವುದಿಲ್ಲ. ಯಾವ ಕಡೆ ಹೋಗಬಹುದೆಂದು ಊಹಿಸಿ ಉದ್ದದ ಪದವನ್ನು ಮೊದಲೇ ಓದಿಟ್ಟುಕೊಳ್ಳುತ್ತದೆ. ಆ ಓದು ನಡೆದ ಮೇಲೆ ಕಾರ್ಡು ಹೊಸ ಉದ್ದವನ್ನೂ ಹೊಸ ಸ್ಥಿತಿಯನ್ನೂ ಬರೆಯಿತೆಂದಾದರೆ, ನನ್ನ ಕೈಗೆ ಬರುವುದು ಹೊಸ ಸ್ಥಿತಿ ಮತ್ತು ಹಳೆಯ ಉದ್ದ.

ಮಿಲ್ಲಿನ ಕಚೇರಿಯ ಮೇಜಿನ ಮೇಲೆ ಬೋರ್ಡನ್ನಿಟ್ಟು, ಕರ್ನಲಿನ ನೆಟ್‌ವರ್ಕ್ ಎಣಿಕೆಗಳನ್ನು ತೋರಿಸುವ ಎನ್‌ಸ್ಟ್ಯಾಟ್ ಓಡಿಸಿದಾಗ ಐಪಿ ಪದರದಲ್ಲಿ ಮೊಟಕಾದ ಪ್ಯಾಕೆಟ್‌ಗಳ ಎಣಿಕೆ ಒಂದೊಂದಾಗಿ ಏರುತ್ತಿದ್ದುದು ಕಂಡಿತು. ಉತ್ತರ ಬಾರದ ಪ್ರತಿ ಸಲಕ್ಕೂ ಒಂದು. ಡ್ರೈವರಿನಲ್ಲಿ ಒಂದು ಮುದ್ರಣದ ಸಾಲು ಸೇರಿಸಿ ನೋಡಿದೆ. ಕಚೇರಿಯಿಂದ ಬಂದ ಪ್ರಶ್ನೆಯ ಚೌಕಟ್ಟು 118 ಬೈಟ್. ಈಥರ್‌ನೆಟ್ ತಲೆಬರಹದ 14 ಕಳೆದರೆ 104, ಐಪಿ ತಲೆಬರಹವೂ ಒಟ್ಟು ಉದ್ದ 104 ಎಂದೇ ಹೇಳುತ್ತಿತ್ತು. ಆದರೆ ಡ್ರೈವರು ಮೇಲಕ್ಕೆ ತಿಳಿಸಿದ ಉದ್ದ 60. ರಿಂಗಿನ ಅದೇ ಸ್ಥಾನಕ್ಕೆ ಹಿಂದಿನ ಸುತ್ತಿನಲ್ಲಿ ಬಂದಿದ್ದ ಎಆರ್‌ಪಿ ಪ್ಯಾಕೆಟ್ಟಿನ ಉದ್ದ ಅದು. ಬಫರ್ ಮರುತುಂಬಿಸುವಾಗ ನಾನು ಆ ಪದವನ್ನು ಅಳಿಸಿರಲಿಲ್ಲ. 104 ಬೈಟ್ ಇರಬೇಕಾದಲ್ಲಿ 46 ಮಾತ್ರ ಕಂಡ ಐಪಿ ಪದರ ಪ್ಯಾಕೆಟ್ಟನ್ನು ಬಿಸಾಡುತ್ತಿತ್ತು. ಪ್ಯಾಕೆಟ್ಟು ಮಾತ್ರ ಬಫರಿನಲ್ಲಿ ಪೂರ್ತಿಯಾಗಿ, ಒಂದು ಬೈಟೂ ಕೆಡದೆ ಇತ್ತು.

ಸ್ಥಿತಿಯನ್ನು ಪರೀಕ್ಷಿಸಿದ ಸಾಲಿಗೂ ಉದ್ದವನ್ನು ಓದುವ ಸಾಲಿಗೂ ನಡುವೆ ಡಿಎಂಎ_ಆರ್‌ಎಂಬಿ ಇರಬೇಕಾಗಿತ್ತು. ಅದೇ ಆ ಸಾಲು. ಎಕ್ಸ್86ರಲ್ಲಿ ಇದು ಕಂಪೈಲರಿಗೆ ಹೇಳುವ ಕಟ್ಟಳೆ ಮಾತ್ರ, ಪ್ರೊಸೆಸರಿಗೆ ಯಾವ ಆದೇಶವೂ ಹೋಗುವುದಿಲ್ಲ. ಆದ್ದರಿಂದಲೇ ನನ್ನ ಮೇಜಿನ ಮೇಲಿನ ಪರೀಕ್ಷೆಗಳೆಲ್ಲ ಪಾಸಾಗಿದ್ದವು.

ಹಾಗಾದರೆ ಸ್ವೀಕರಿಸುವ ಪೂರ್ಣ ಕ್ರಮ ಹೀಗೆ: ಸ್ಥಿತಿಯನ್ನು ಒಮ್ಮೆ ಓದಿ, ಕಾರ್ಡಿನದೇ ಆಗಿದ್ದರೆ ಅಲ್ಲಿಗೇ ನಿಲ್ಲಿಸಿ, ನಮ್ಮದಾಗಿದ್ದರೆ ಡಿಎಂಎ_ಆರ್‌ಎಂಬಿ ಇಟ್ಟು, ಉಳಿದ ಪದಗಳನ್ನು ಓದಿ, ಉದ್ದವು ಬಫರಿನ ಅಳತೆಯನ್ನು ಮೀರಿಲ್ಲವೆಂದು ಖಚಿತಪಡಿಸಿಕೊಂಡು, ಬಫರನ್ನು ಸಿಂಕ್ ಅಥವಾ ಅನ್‌ಮ್ಯಾಪ್ ಮಾಡಿ, ಆಮೇಲಷ್ಟೇ ಪ್ಯಾಕೆಟ್ಟಿನ ಒಳಗೆ ಕೈಹಾಕಬೇಕು. ಮರುತುಂಬಿಸುವಾಗ ಹೊಸ ಬಫರು ಸಿಕ್ಕಿ ಮ್ಯಾಪ್ ಆದ ಮೇಲೆ ಮಾತ್ರ ಹಳೆಯದನ್ನು ಮೇಲಕ್ಕೆ ಕಳುಹಿಸಿ. ಸಿಗದಿದ್ದರೆ ಬಂದ ಪ್ಯಾಕೆಟ್ಟನ್ನು ಕೈಬಿಟ್ಟು ಹಳೆಯ ಬಫರನ್ನೇ ಕಾರ್ಡಿಗೆ ಮರಳಿಸಿ. ಡಿಸ್ಕ್ರಿಪ್ಟರಿಗೆ ಹೊಸ ವಿಳಾಸ ಬರೆದು, ಡಿಎಂಎ_ಡಬ್ಲ್ಯೂಎಂಬಿ ಇಟ್ಟು, ಕೊನೆಗೆ ಒಡೆತನ ಬಿಟ್ಟುಕೊಡಿ. 32 ಬಿಟ್ ಪ್ರೊಸೆಸರಿನಲ್ಲಿ 64 ಬಿಟ್ ವಿಳಾಸ ಎರಡು ಬರವಣಿಗೆಗಳಾಗುತ್ತದೆ ಎಂಬುದು ನೆನಪಿರಲಿ.

ಇಡುವ ಪ್ರತಿ ಬ್ಯಾರಿಯರಿನ ಮೇಲೆ ಯಾವ ಬರವಣಿಗೆಯನ್ನು ಯಾವುದರಿಂದ ಬೇರ್ಪಡಿಸುತ್ತಿದೆ ಎಂದು ಒಂದು ಸಾಲಿನ ಟಿಪ್ಪಣಿ ಬರೆಯಿರಿ. ಹಾಗೆ ಬರೆಯಲು ಬಾರದಿದ್ದರೆ ಆ ಬ್ಯಾರಿಯರನ್ನು ಭಯದಿಂದ ಇಟ್ಟಿದ್ದೀರಿ ಎಂದರ್ಥ, ನಿಜವಾದ ಜಾಗ ಇನ್ನೆಲ್ಲೋ ಬರಿದಾಗಿ ಉಳಿದಿರುತ್ತದೆ.

ಐದನೆಯ ಹೆಜ್ಜೆ: ಕ್ಯೂ ನಿಲ್ಲಿಸುವುದು, ಎಬ್ಬಿಸುವುದು

ಇದು ಎರಡು ಕೋರ್‌ಗಳ ನಡುವಿನ ರೇಸ್, ಆದರೆ ಹುಟ್ಟುವುದು ಕಾರ್ಡಿನ ವೇಗದಿಂದ. ಕಳುಹಿಸುವ ಫಂಕ್ಷನ್ನು ರಿಂಗಿನಲ್ಲಿ ಜಾಗವಿಲ್ಲವೆಂದು ಕಂಡು ಕ್ಯೂ ನಿಲ್ಲಿಸಲು ಹೊರಡುತ್ತದೆ. ಅದೇ ಗಳಿಗೆಯಲ್ಲಿ ಇನ್ನೊಂದು ಕೋರಿನಲ್ಲಿ ಪೂರ್ಣಗೊಳಿಸುವ ಫಂಕ್ಷನ್ನು ರಿಂಗನ್ನೆಲ್ಲ ಖಾಲಿ ಮಾಡಿ, ಕ್ಯೂ ಇನ್ನೂ ನಿಂತಿಲ್ಲವೆಂದು ಕಂಡು, ಎಬ್ಬಿಸುವ ಅಗತ್ಯವಿಲ್ಲವೆಂದು ಹೊರಟುಹೋಗುತ್ತದೆ. ಆಮೇಲೆ ಕ್ಯೂ ನಿಲ್ಲುತ್ತದೆ. ಇನ್ನು ಅದನ್ನು ಎಬ್ಬಿಸುವವರು ಯಾರೂ ಇಲ್ಲ. ಡ್ರೈವರು ಬೇರೆ ಅವಧಿ ಹೇಳದಿದ್ದರೆ 5 ಸೆಕೆಂಡಿನ ನಂತರ ಕರ್ನಲಿನ ಕಾವಲು ಟೈಮರು ಕಳುಹಿಸುವ ಕ್ಯೂ ಸ್ಥಗಿತಗೊಂಡಿದೆ ಎಂಬ ಎಚ್ಚರಿಕೆಯನ್ನು ಲಾಗಿನಲ್ಲಿ ಬರೆಯುತ್ತದೆ.

ಪರಿಹಾರವನ್ನು ಎರಡೂ ಕಡೆ ಮಾಡಬೇಕು. ಕಳುಹಿಸುವ ಕಡೆ: ಕ್ಯೂ ನಿಲ್ಲಿಸಿ, ಎಸ್‌ಎಂಪಿ_ಎಂಬಿ (ಕೋರ್‌ಗಳ ನಡುವಿನ ಪೂರ್ಣ ಬ್ಯಾರಿಯರ್) ಇಟ್ಟು, ಜಾಗವನ್ನು ಮತ್ತೊಮ್ಮೆ ನೋಡಿ, ಇದ್ದರೆ ಮರಳಿ ಆರಂಭಿಸಿ. ಪೂರ್ಣಗೊಳಿಸುವ ಕಡೆ: ಖಾಲಿಯಾದ ಸ್ಥಾನದ ಸೂಚಿಯನ್ನು ಬರೆದು, ಎಸ್‌ಎಂಪಿ_ಎಂಬಿ ಇಟ್ಟು, ಆಮೇಲೆ ಕ್ಯೂ ನಿಂತಿದೆಯೇ ನೋಡಿ. ಬರೆದು ನಂತರ ಓದುವ ಈ ಜೋಡಿಯನ್ನು ಎಕ್ಸ್86 ಕೂಡ ಹಿಂದುಮುಂದು ಮಾಡುತ್ತದೆ, ಆದ್ದರಿಂದ ಈ ದೋಷ ಲ್ಯಾಪ್‌ಟಾಪಿನಲ್ಲೂ ಕಾಣಿಸಿಕೊಳ್ಳುತ್ತದೆ. ಈಚಿನ ಕರ್ನಲ್‌ಗಳಲ್ಲಿ ಇದಕ್ಕೆಂದೇ ಸಿದ್ಧ ಮ್ಯಾಕ್ರೋಗಳಿವೆ. ಇದ್ದರೆ ಅವನ್ನೇ ಬಳಸಿ.

ಆರನೆಯ ಹೆಜ್ಜೆ: ಇಂಟರಪ್ಟ್ ಮತ್ತು ನಾಪಿ

ನಾಪಿ ಎಂಬ ಲಿನಕ್ಸ್ ನೆಟ್‌ವರ್ಕ್ ಪದ್ಧತಿಯಲ್ಲಿ ಇಂಟರಪ್ಟ್ ಬಂದೊಡನೆ ಅದನ್ನು ಮುಚ್ಚಿ, ಪೋಲ್ ಫಂಕ್ಷನ್ನು ರಿಂಗನ್ನು ಖಾಲಿ ಮಾಡಿ, ಮುಗಿದ ಮೇಲೆ ಇಂಟರಪ್ಟ್ ತೆರೆಯುತ್ತದೆ. ರಿಂಗು ಖಾಲಿಯೆಂದು ಕಂಡ ಗಳಿಗೆಗೂ ಇಂಟರಪ್ಟ್ ತೆರೆದ ಗಳಿಗೆಗೂ ನಡುವೆ ಬಂದ ಪ್ಯಾಕೆಟ್ಟಿನ ಗತಿಯೇನು? ಮುಚ್ಚಿದ್ದಾಗ ನಡೆದ ಘಟನೆಯನ್ನು ಕಾರ್ಡು ನೆನಪಿಟ್ಟು ತೆರೆದೊಡನೆ ಇಂಟರಪ್ಟ್ ಕೊಡುತ್ತದೆಯೇ ಎಂಬುದನ್ನು ಕೈಪಿಡಿಯಲ್ಲಿ ಹುಡುಕಿ. ಕೊಡುವುದಿಲ್ಲವೆಂದಾದರೆ, ಅಥವಾ ಕೈಪಿಡಿ ಸುಮ್ಮನಿದ್ದರೆ, ತೆರೆದ ಮೇಲೆ ಇಂಟರಪ್ಟ್ ತೆರೆಯಲು ಬರೆದ ರಿಜಿಸ್ಟರನ್ನೇ ಒಮ್ಮೆ ಓದಿ, ರಿಂಗನ್ನು ಮತ್ತೆ ನೋಡಿ, ಪ್ಯಾಕೆಟ್ಟಿದ್ದರೆ ಪೋಲನ್ನು ಪುನಃ ನಿಗದಿಪಡಿಸಿ. ನಡುವಿನ ಆ ಓದನ್ನು ಬಿಟ್ಟರೆ, ತೆರೆಯುವ ಆದೇಶ ಕಾರ್ಡಿಗೆ ಮುಟ್ಟುವ ಮೊದಲೇ ನೀವು ರಿಂಗನ್ನು ನೋಡಿ ಮುಗಿಸಿರುತ್ತೀರಿ.

ಸ್ಥಿತಿಯ ರಿಜಿಸ್ಟರನ್ನು ಒರೆಸುವ ಕ್ರಮವೂ ಹೀಗೆಯೇ: ಮೊದಲು ಒರೆಸಿ, ನಂತರ ರಿಂಗ್ ನೋಡಿ. ಮೊದಲು ರಿಂಗ್ ನೋಡಿ ನಂತರ ಒರೆಸಿದರೆ ನಡುವೆ ಬಂದ ಸುದ್ದಿಯೂ ಒರೆಸಿಹೋಗುತ್ತದೆ. ಒಂದು ಪೋಲಿಗೆ ಕೊಟ್ಟ ಬಜೆಟ್ಟು (ಪ್ಯಾಕೆಟ್‌ಗಳ ಮಿತಿ) ಪೂರ್ತಿ ಖರ್ಚಾದರೆ ಇಂಟರಪ್ಟ್ ತೆರೆಯದೆ ಬಜೆಟ್ಟನ್ನೇ ಮರಳಿಸಿ; ನಾಪಿ_ಕಂಪ್ಲೀಟ್_ಡನ್ ಸುಳ್ಳು ಎಂದು ಉತ್ತರಿಸಿದರೂ ತೆರೆಯಬಾರದು.

ಏಳನೆಯ ಹೆಜ್ಜೆ: ನಿಲ್ಲಿಸುವಾಗಿನ ಎಚ್ಚರ

ಪಿಸಿಐ ಮೂಲಕ ರಿಜಿಸ್ಟರಿಗೆ ಬರೆದದ್ದು ದಾರಿಯಲ್ಲಿ ತಂಗುತ್ತದೆ. ಮುನಿರಾಬಾದಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಗೇಟು ಇಳಿಸಿದೊಡನೆ 227 ಕಿಲೋಮೀಟರ್ ಉದ್ದದ ಆ ಕಾಲುವೆಯ ರಾಯಚೂರು ಕೊನೆಭಾಗದಲ್ಲಿ ನೀರು ನಿಲ್ಲುವುದಿಲ್ಲ. ದಾರಿಯಲ್ಲಿದ್ದ ನೀರು ಹರಿದು ಬರುತ್ತಲೇ ಇರುತ್ತದೆ. ಡಿಎಂಎ ನಿಲ್ಲಿಸುವ ಬಿಟ್ ಬರೆದ ಮೇಲೂ ಇದೇ ಸ್ಥಿತಿ. ಬರೆದ ಮೇಲೆ ಅದೇ ಕಾರ್ಡಿನ ಒಂದು ರಿಜಿಸ್ಟರನ್ನು ರೀಡ್‌ಎಲ್‌ನಿಂದ ಓದಿದರೆ ಬರವಣಿಗೆ ಮುಟ್ಟಿದ್ದು ಖಾತ್ರಿಯಾಗುತ್ತದೆ. ಮುಟ್ಟಿದ್ದು ಮಾತ್ರ, ಕಾರ್ಡು ಕೈಯಲ್ಲಿದ್ದ ಪ್ಯಾಕೆಟ್ಟನ್ನು ಮುಗಿಸಿ ನಿಂತಿತೋ ಇಲ್ಲವೋ ಎಂಬುದನ್ನು ಅದರ ವಿಶ್ರಾಂತಿಯ ಬಿಟ್ ನೋಡಿಯೇ ತಿಳಿಯಬೇಕು.

ಮುಚ್ಚುವ ಕ್ರಮವನ್ನು ಹೀಗೆ ಇಟ್ಟುಕೊಳ್ಳಿ. ನೆಟ್‌ಇಫ್_ಟಿಎಕ್ಸ್_ಡಿಸೇಬಲ್ ಮೂಲಕ ಹೊಸ ಪ್ಯಾಕೆಟ್‌ಗಳನ್ನು ತಡೆದು, ಇಂಟರಪ್ಟ್ ಮುಚ್ಚಿ, ಸಿಂಕ್ರೊನೈಸ್_ಐಆರ್‌ಕ್ಯೂ ಮೂಲಕ ನಡೆಯುತ್ತಿರುವ ಹ್ಯಾಂಡ್ಲರು ಮುಗಿಯುವವರೆಗೆ ಕಾದು, ನಾಪಿ_ಡಿಸೇಬಲ್ ಕರೆಯಿರಿ. ಪೋಲ್ ಫಂಕ್ಷನ್ನು ತನ್ನ ಕೊನೆಯ ಉಸಿರಿನಲ್ಲಿ ಇಂಟರಪ್ಟ್ ತೆರೆದಿರಬಹುದಾದ್ದರಿಂದ ಈಗ ಮತ್ತೊಮ್ಮೆ ಮುಚ್ಚಿ. ಬಳಿಕ ಕಾರ್ಡಿನ ಕಳುಹಿಸುವ ಮತ್ತು ಸ್ವೀಕರಿಸುವ ಎಂಜಿನ್‌ಗಳನ್ನು ನಿಲ್ಲಿಸಿ, ಮರಳಿ ಓದಿ, ವಿಶ್ರಾಂತಿಯ ಬಿಟ್ ಬರುವವರೆಗೆ ಒಂದು ಮಿತಿಯೊಳಗೆ ಕಾಯಿರಿ. ಮಿತಿ ಮೀರಿದರೆ ಕಾರ್ಡನ್ನೇ ರೀಸೆಟ್ ಮಾಡಿ. ಟೈಮರು, ವರ್ಕ್‌ಕ್ಯೂಗಳನ್ನು ರದ್ದುಗೊಳಿಸಿ. ಇಷ್ಟೆಲ್ಲ ಆದ ಮೇಲೆ ಬಫರುಗಳ ಅನ್‌ಮ್ಯಾಪ್, ಬಿಡುಗಡೆ. ಈ ಕ್ರಮ ತಪ್ಪಿಸಿ ಬಫರನ್ನು ಮೊದಲೇ ಬಿಡುಗಡೆ ಮಾಡಿದರೆ ಕಾರ್ಡು ತಡವಾಗಿ ಬರೆದ ಪ್ಯಾಕೆಟ್ಟು ಆ ವೇಳೆಗೆ ಬೇರೆಯವರ ಪಾಲಾಗಿರುವ ಮೆಮೊರಿಯಲ್ಲಿ ಬೀಳುತ್ತದೆ. ಫೈಲ್ ಸಿಸ್ಟಮ್ಮಿನ ದೋಷವೆಂದು ಎಲ್ಲೋ ಹುಡುಕುತ್ತಿರುತ್ತೀರಿ, ಮೂಲ ಇಲ್ಲಿರುತ್ತದೆ. ಪಿಸಿಐ ಕಾರ್ಡಾಗಿದ್ದರೆ ಯಂತ್ರ ಮುಚ್ಚುವ ಫಂಕ್ಷನ್ನಿನಲ್ಲೂ ಇದೇ ಕ್ರಮ ಪಾಲಿಸಿ ಪಿಸಿಐ_ಕ್ಲಿಯರ್_ಮಾಸ್ಟರ್ ಕರೆಯಿರಿ, ಏಕೆಂದರೆ ಕೆಎಕ್ಸೆಕ್ ಮೂಲಕ ಹೊಸ ಕರ್ನಲ್ ಏರಿದಾಗ ಹಳೆಯ ಡಿಎಂಎ ಅದರ ಮೆಮೊರಿಯ ಮೇಲೆ ಬರೆಯುವ ಅಪಾಯವಿದೆ.

ಎಂಟನೆಯ ಹೆಜ್ಜೆ: ರೇಸನ್ನು ಹೊರಗೆಳೆಯುವ ಪರೀಕ್ಷೆ

ಡಿಎಂಎ ಎಪಿಐ ಡೀಬಗ್ ಆಯ್ಕೆಯನ್ನು ಒಳಗೊಂಡ ಕರ್ನಲ್ ಕಟ್ಟಿಕೊಳ್ಳಿ. ಎರಡು ಸಲ ಅನ್‌ಮ್ಯಾಪ್ ಮಾಡಿದ್ದು, ತಪ್ಪು ಅಳತೆ ಕೊಟ್ಟದ್ದು, ಎರರ್ ಪರೀಕ್ಷಿಸದೆ ಬಿಟ್ಟದ್ದು ಎಲ್ಲವನ್ನೂ ಅದು ಎತ್ತಿ ತೋರಿಸುತ್ತದೆ. ಕೋರ್‌ಗಳ ನಡುವಿನ ರೇಸುಗಳನ್ನು ಪತ್ತೆಹಚ್ಚಲು ಕರ್ನಲಿನಲ್ಲಿ ಕೆಸಿಸ್ಯಾನ್ ಎಂಬ ಸಾಧನ ಇದೆ, ಆದರೆ ಕಾರ್ಡಿನ ಬರವಣಿಗೆ ಅದಕ್ಕೆ ಕಾಣುವುದಿಲ್ಲ. ಲ್ಯಾಪ್‌ಟಾಪ್ ಮಾತ್ರ ಇರುವವರಿಗೆ ನಾನು ಹೇಳುವ ಮುಖ್ಯ ಉಪಾಯವೆಂದರೆ ಕರ್ನಲ್ ಬೂಟ್ ಸಾಲಿನಲ್ಲಿ ಎಸ್‌ಡಬ್ಲ್ಯೂಐಒಟಿಎಲ್‌ಬಿಗೆ ಫೋರ್ಸ್ ಎಂಬ ಬೆಲೆ ಕೊಡುವುದು. ಆಗ ಪ್ರತಿ ಬಫರೂ ಮಧ್ಯಂತರ ಬಫರಿನ ಮೂಲಕ ಹಾದುಹೋಗುತ್ತದೆ, ನೀವು ಸಿಂಕ್ ಮರೆತಲ್ಲಿ ನಕಲು ಆಗುವುದೇ ಇಲ್ಲ, ಆರ್ಮ್ ಬೋರ್ಡಿನಲ್ಲಿ ಅಪರೂಪಕ್ಕೆ ಕಾಣುವ ತಪ್ಪು ಲ್ಯಾಪ್‌ಟಾಪಿನಲ್ಲಿ ಪ್ರತಿ ಸಲವೂ ಕಾಣುತ್ತದೆ. ಐಒಎಂಎಂಯು (ಕಾರ್ಡು ಯಾವ ಮೆಮೊರಿಗೆ ಕೈಹಾಕಬಹುದೆಂದು ಕಾಯುವ ಯಂತ್ರಾಂಶ) ಇರುವ ಯಂತ್ರದಲ್ಲಿ ಅದನ್ನು ಕಟ್ಟುನಿಟ್ಟಿನ ಕ್ರಮದಲ್ಲಿ ಓಡಿಸಿದರೆ ಅನ್‌ಮ್ಯಾಪ್ ಆದ ವಿಳಾಸಕ್ಕೆ ಕಾರ್ಡು ಕೈಹಾಕಿದೊಡನೆ ಲಾಗಿನಲ್ಲಿ ದೂರು ಬೀಳುತ್ತದೆ. ಬ್ಯಾರಿಯರ್ ಮರೆತದ್ದನ್ನು ಮಾತ್ರ ಇವು ಯಾವುವೂ ಹಿಡಿಯುವುದಿಲ್ಲ; ಅದಕ್ಕೆ ಆರ್ಮ್ ಬೋರ್ಡೇ ಬೇಕು.

ಬಳಿಕ ಸಂದುಗಳನ್ನು ಬೇಕೆಂದೇ ಅಗಲ ಮಾಡಿ. ಈಥ್‌ಟೂಲ್ ಮೂಲಕ ರಿಂಗನ್ನು ಕಾರ್ಡು ಒಪ್ಪುವ ಅತಿ ಚಿಕ್ಕ ಅಳತೆಗೆ ಇಳಿಸಿದರೆ ಸುತ್ತು ಬೇಗ ಬೇಗ ತಿರುಗುತ್ತದೆ, ಕ್ಯೂ ಪದೇ ಪದೇ ನಿಂತು ಏಳುತ್ತದೆ. ಇಂಟರಪ್ಟನ್ನು ಕಳುಹಿಸುವ ಪ್ರೋಗ್ರಾಮ್ ಓಡುತ್ತಿರುವ ಕೋರಿನಿಂದ ಬೇರೆ ಕೋರಿಗೆ ಕಟ್ಟಿ. ಒಡೆತನ ಕೊಡುವ ಸಾಲಿನ ಹಿಂದೆ ಮುಂದೆ ಕೆಲವು ಮೈಕ್ರೋಸೆಕೆಂಡಿನ ವಿಳಂಬ ಸೇರಿಸಿ ನೋಡಿ. ಬಫರನ್ನು ಕಾರ್ಡಿಗೆ ಕೊಡುವ ಮೊದಲು, ಮ್ಯಾಪ್ ಮಾಡುವುದಕ್ಕಿಂತ ಮುಂಚೆಯೇ, ಗೊತ್ತಿರುವ ಒಂದು ಮಾದರಿಯಿಂದ ತುಂಬಿಡಿ. ಸ್ವೀಕರಿಸಿದ ಪ್ಯಾಕೆಟ್ಟಿನೊಳಗೆ ಆ ಮಾದರಿ ಕಂಡರೆ ಕಾರ್ಡು ಬರೆಯುವ ಮೊದಲೇ, ಅಥವಾ ಬರೆದದ್ದು ಕಾಣುವ ಮೊದಲೇ ಓದಿದ್ದೀರಿ. ಉದ್ದದ ಪದವನ್ನೂ ಮರುತುಂಬಿಸುವಾಗ ಸೊನ್ನೆ ಮಾಡಿ, ಸೊನ್ನೆ ಉದ್ದ ಬಂದರೆ ಎಣಿಕೆ ಏರಿಸುವ ಒಂದು ಕೌಂಟರು ಇಡಿ. ಮಿಲ್ಲಿನಲ್ಲಿ ಇಂಥದೊಂದು ಕೌಂಟರು ಇದ್ದಿದ್ದರೆ ಕೇಬಲ್ ಬದಲಿಸುತ್ತ ಕಳೆದ ದಿನಗಳು ಉಳಿಯುತ್ತಿದ್ದವು.

ಕೊನೆಯದಾಗಿ, ಐಪರ್ಫ್‌ನಿಂದ ಎರಡೂ ದಿಕ್ಕಿನಲ್ಲಿ ಪೂರ್ತಿ ಹೊರೆ ಹಾಕಿ, ಆ ಹೊರೆ ನಡೆಯುತ್ತಿರುವಂತೆಯೇ ಇಂಟರ್‌ಫೇಸನ್ನು ಇಳಿಸಿ ಏರಿಸುವ ಒಂದು ಸ್ಕ್ರಿಪ್ಟನ್ನು ರಾತ್ರಿಯಿಡೀ ಓಡಲು ಬಿಡಿ. ಗಂಗಾವತಿಯ ಬೋರ್ಡಿಗೆ ಆ ಒಂದು ಸಾಲು ಸೇರಿಸಿದ ಮೇಲೆ ನಾನೂ ಹೀಗೆಯೇ ಮಾಡಿದೆ. ಬೆಳಿಗ್ಗೆ ಕಾಂಟಾಕ್ಕೆ ಮೊದಲ ಟ್ರ್ಯಾಕ್ಟರು ಬರುವ ಹೊತ್ತಿಗೆ ಎನ್‌ಸ್ಟ್ಯಾಟ್ ಮತ್ತೆ ಓಡಿಸಿ ನೋಡಿದಾಗ ಮೊಟಕಾದ ಪ್ಯಾಕೆಟ್‌ಗಳ ಎಣಿಕೆ ಸೊನ್ನೆಯಲ್ಲೇ ಇತ್ತು.